ಕಲ್ಲು ಗಟ್ಟಿ, ಊರು ನಾಜೂಕು: ಮಕ್ಕಳಿಗೆ ಹಂಪಿ ತೋರಿಸುವ ಬಗೆ

ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥದ ಚಿತ್ರವಿದೆ. 2017ರಲ್ಲಿ ಈ ನೋಟು ಚಲಾವಣೆಗೆ ಬಂದ ಮೇಲೆ, ಹಂಪಿಯನ್ನು ಎಂದೂ ಕಾಣದ ಮಕ್ಕಳಿಗೂ ಆ ರಥ ಪರಿಚಿತವಾಗಿದೆ. ಕೆತ್ತನೆಯ ಚಕ್ರಗಳು, ಮುಂದೆ ಆನೆಗಳು, ಮೇಲೆ ಚಪ್ಪಟೆಯಾದ ಮಾಡು. ವಿಠ್ಠಲ ದೇವಾಲಯದ ಅಂಗಳದಲ್ಲಿ ಇಂದು ಕಾಣುವುದೂ ಇದೇ ರೂಪ. ಆದರೆ ಮದರಾಸು ಸೇನೆಯ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ರಥ ಹೀಗಿಲ್ಲ. ಅದರ ನೆತ್ತಿಯ ಮೇಲೆ ಇಟ್ಟಿಗೆ ಮತ್ತು ಗಾರೆಯ ಶಿಖರವೊಂದು ನಿಂತಿದೆ. ಇಂದು ಆ ಶಿಖರ ಇಲ್ಲ.

ಹಂಪಿ ಹಾಳಾದದ್ದು ಯಾವಾಗ ಎಂದು ಶಾಲಾ ಮಕ್ಕಳನ್ನು ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ: ಕ್ರಿ.ಶ. 1565, ರಕ್ಕಸತಂಗಡಿ ಯುದ್ಧದ ನಂತರ. ಉತ್ತರ ತಪ್ಪಲ್ಲ, ಆದರೆ ಪೂರ್ತಿಯೂ ಅಲ್ಲ. ಯುದ್ಧವಾಗಿ 291 ವರ್ಷ ಕಳೆದ ಮೇಲೂ ಕ್ಯಾಮೆರಾದ ಕಣ್ಣಿಗೆ ಬಿದ್ದ ಶಿಖರವನ್ನು ಯಾವ ಸುಲ್ತಾನನ ಸೈನ್ಯವೂ ಕೆಡವಲಿಲ್ಲ. ಅದು ಹೋದದ್ದು ಆನಂತರದ ಶಾಂತಿಯ ಕಾಲದಲ್ಲಿ. ಹಂಪಿ ಒಮ್ಮೆ ಮಾತ್ರ ಹಾಳಾದ ಊರಲ್ಲ. ಅಂದಿನಿಂದ ಇಂದಿನವರೆಗೆ ಸ್ವಲ್ಪ ಸ್ವಲ್ಪವಾಗಿ ಕಳೆದುಹೋಗುತ್ತಿರುವ ಊರು. ಮಕ್ಕಳ ಕೈಹಿಡಿದು ಅಲ್ಲಿಗೆ ಹೊರಡುವ ತಂದೆತಾಯಿಯರು, ಶೈಕ್ಷಣಿಕ ಪ್ರವಾಸದ ಬಸ್ಸು ಹತ್ತಿಸುವ ಉಪಾಧ್ಯಾಯರು ಮೊದಲು ಮನಗಾಣಬೇಕಾದ ಸಂಗತಿ ಇದು.

ನಗರದ ಏಳುಬೀಳು

ಕ್ರಿ.ಶ. 1336ರಲ್ಲಿ ಸಂಗಮ ವಂಶದ ಸೋದರರು ತುಂಗಭದ್ರೆಯ ದಡದಲ್ಲಿ ಸ್ಥಾಪಿಸಿದ ವಿಜಯನಗರ ಎರಡು ಶತಮಾನಗಳಿಗೂ ಮೀರಿ ದಕ್ಷಿಣ ಭಾರತದ ರಾಜಧಾನಿಯಾಗಿ ಮೆರೆಯಿತು. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಇಲ್ಲಿನ ಏಳು ಸುತ್ತಿನ ಕೋಟೆಯನ್ನು ಬಣ್ಣಿಸಿದ. ಸುಮಾರು 1520ರಲ್ಲಿ ಕೃಷ್ಣದೇವರಾಯನ ಆಳ್ವಿಕೆಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ನಗರವನ್ನು ರೋಮ್‌ಗೆ ಹೋಲಿಸಿದ. ಜನರು ಬುಟ್ಟಿಯಂತೆ ದುಂಡಗಿರುವ, ಚರ್ಮ ಹೊದಿಸಿದ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನೂ ಆತ ಬರೆದಿಟ್ಟಿದ್ದಾನೆ. ಆ ಹರಿಗೋಲು ಇಂದಿಗೂ ತುಂಗಭದ್ರೆಯಲ್ಲಿ ತೇಲುತ್ತಿದೆ.

1565ರ ಸೋಲಿನ ನಂತರ ರಾಜಪರಿವಾರ ಪೆನುಕೊಂಡೆಗೆ ಹೋಯಿತು. ನಗರ ಲೂಟಿಗೆ ಈಡಾಯಿತು. ಮರದ ಕಂಬ, ಮಣ್ಣಿನ ಗೋಡೆಗಳ ಅರಮನೆಗಳು ಸುಟ್ಟುಹೋಗಿ ಕಲ್ಲಿನ ಜಗತಿಗಳಷ್ಟೇ ಉಳಿದವು. ಆಮೇಲಿನ ಕಾಲದ ಕಳೆತ ಬೇರೆ ಬಗೆಯದು. ನಿಧಿಯ ಆಸೆಗೆ ಗರ್ಭಗುಡಿಯ ನೆಲ ಅಗೆದವರುಂಟು, ವಿಗ್ರಹದ ಹೊಟ್ಟೆ ಒಡೆದವರುಂಟು. ಸಿದ್ಧವಾಗಿ ಸಿಕ್ಕ ಕಲ್ಲುಗಳು ಗದ್ದೆಯ ಬದುವಿಗೆ, ಮನೆಯ ತಳಪಾಯಕ್ಕೆ ಸೇರಿದವು. ಗೋಪುರಗಳ ಇಟ್ಟಿಗೆಯ ನಡುವೆ ಬೇರೂರಿದ ಅರಳಿ ಆಲದ ಸಸಿಗಳು ಮಳೆನೀರಿಗೆ ದಾರಿ ಮಾಡಿಕೊಟ್ಟವು. ಸುತ್ತಲಿನ ಬಂಡೆಗಳಿಗೆ ಕಲ್ಲುಗಣಿಯವರ ಕಣ್ಣು ಬಿತ್ತು.

1986ರಲ್ಲಿ ಯುನೆಸ್ಕೊ ಹಂಪಿಯ ಸ್ಮಾರಕ ಸಮೂಹವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸುಮಾರು 42 ಚದರ ಕಿ.ಮೀ. ವಿಸ್ತಾರದಲ್ಲಿ 1,600ಕ್ಕೂ ಹೆಚ್ಚು ಅವಶೇಷಗಳು ಇಲ್ಲಿ ಉಳಿದಿವೆ ಎಂಬುದು ಆ ಸಂಸ್ಥೆಯ ಲೆಕ್ಕ. ಹದಿಮೂರು ವರ್ಷ ಕಳೆಯುವಷ್ಟರಲ್ಲಿ, 1999ರಲ್ಲಿ, ಅದೇ ಹಂಪಿ ‘ಅಪಾಯದಲ್ಲಿರುವ ತಾಣ’ಗಳ ಪಟ್ಟಿಗೂ ಸೇರಿತು. ಆನೆಗೊಂದಿಯ ಕಡೆಗೆ ಸ್ಮಾರಕಗಳ ನಡುವೆಯೇ ಕಟ್ಟುತ್ತಿದ್ದ ತೂಗುಸೇತುವೆ ಇದಕ್ಕೆ ಮುಖ್ಯ ಕಾರಣ. ಹೊಳೆಯಾಚೆಯ ಜನರಿಗೆ ಸೇತುವೆ ಬೇಕಿತ್ತು ಎಂಬುದು ನಿಜ. ಅದರ ಮೇಲೆ ಭಾರಿ ವಾಹನಗಳು ಹರಿದರೆ ಸ್ಮಾರಕಗಳ ಗತಿಯೇನು ಎಂಬ ಆತಂಕವೂ ನಿಜ. 2009ರ ಜನವರಿಯಲ್ಲಿ ಆ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಅದಕ್ಕೂ ಮೊದಲೇ, 2006ರಲ್ಲಿ, ಹಂಪಿ ಅಪಾಯದ ಪಟ್ಟಿಯಿಂದ ಹೊರಬಂದಿತ್ತು.

ಕಂಬ ನಿಂತಿರುವುದು ಹೇಗೆ?

‘ಕಲ್ಲಿಗೇನಾಗುತ್ತೆ ಬಿಡಿ’ ಎಂಬ ಮಾತನ್ನು ಹಂಪಿಯಲ್ಲಿ ಆಗಾಗ ಕೇಳಬಹುದು. ಮಗು ಮಂಟಪದ ಕಟ್ಟೆ ಏರಿ ಕಂಬ ತಬ್ಬಿ ನೇತಾಡಿದರೂ ದೊಡ್ಡವರು ಸುಮ್ಮನಿರುವುದು ಈ ನಂಬಿಕೆಯಿಂದಲೇ. ಕಲ್ಲು ಗಟ್ಟಿಯೇ. ಆದರೆ ಕಟ್ಟಡದ ಗಟ್ಟಿತನ ಬೇರೆ, ಕಲ್ಲಿನ ಗಟ್ಟಿತನ ಬೇರೆ.

ವಿಜಯನಗರದ ಶಿಲ್ಪಿಗಳು ಮಂಟಪ ಕಟ್ಟುವಾಗ ಕಲ್ಲಿಗೆ ಕಲ್ಲನ್ನು ಗಾರೆಯಿಂದ ಅಂಟಿಸುತ್ತಿರಲಿಲ್ಲ. ಜಗತಿಯ ಮೇಲೆ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಒಂದರ ಭಾರ ಇನ್ನೊಂದನ್ನು ಒತ್ತಿ ಹಿಡಿದುಕೊಂಡಿರುವುದರಿಂದಲೇ ಇಡೀ ಕಟ್ಟಡ ನಿಲ್ಲುತ್ತದೆ. ಮೇಲಿನ ಚಪ್ಪಡಿ ಬಿದ್ದುಹೋದರೆ ಕೆಳಗಿನ ಕಂಬದ ಬಿಗಿಯೂ ಸಡಿಲವಾಗುತ್ತದೆ. ಸೂರಿಲ್ಲದೆ ಒಂಟಿಯಾಗಿ ನಿಂತ ಕಂಬಗಳು ನೋಡಲು ಬಲವಾಗಿ ಕಂಡರೂ ಅವುಗಳನ್ನು ಹಿಡಿದಿಟ್ಟಿರುವುದು ಅವುಗಳ ಸ್ವಂತ ತೂಕ ಮಾತ್ರ.

ಇದಕ್ಕೆ ನಿದರ್ಶನ 2019ರಲ್ಲಿ ದೊರೆಯಿತು. ಗಜಶಾಲೆಯ ಹಿಂಭಾಗದ ವಿಷ್ಣು ದೇವಾಲಯದ ಬಳಿ ಯುವಕರು ಕಂಬವೊಂದನ್ನು ಕೈಯಿಂದಲೇ ನೂಕಿ ಬೀಳಿಸುವ ದೃಶ್ಯ ಎಲ್ಲೆಡೆ ಹರಿದಾಡಿತು. ಹಾರೆ ಬೇಕಾಗಲಿಲ್ಲ, ಸುತ್ತಿಗೆ ಬೇಕಾಗಲಿಲ್ಲ. ನಾಲ್ವರು ಸಿಕ್ಕಿಬಿದ್ದರು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ವಿಧಿಸಿದ್ದಲ್ಲದೆ, ಕೆಡವಿದ್ದನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸುವಂತೆ ಆದೇಶಿಸಿತು. ಪುರಾತತ್ವ ಸಿಬ್ಬಂದಿಯ ಸಮಕ್ಷಮದಲ್ಲಿ ಅವರು ಹಾಗೆಯೇ ಮಾಡಿದರು. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು 2010ರ ತಿದ್ದುಪಡಿಯ ನಂತರ ಕಾನೂನಿನಲ್ಲಿ ಅವಕಾಶವಿದೆ. ಆದರೆ ಕಾನೂನು ಬರುವುದು ಕಂಬ ಬಿದ್ದ ಮೇಲೆ. ಅದಕ್ಕೂ ಮೊದಲೇ ಬರಬೇಕಾದದ್ದು ಮನೆಯ ಮತ್ತು ಶಾಲೆಯ ಪಾಠ. ಆ ಯುವಕರೂ ಕೆಲವು ವರ್ಷಗಳ ಹಿಂದೆ ಯಾವುದೋ ಶಾಲೆಯ ಮಕ್ಕಳಾಗಿದ್ದವರೇ ಅಲ್ಲವೇ?

‘ಬೇಡ’ ಎನ್ನುವ ಮೊದಲು ‘ನೋಡು’ ಎನ್ನಬೇಕು

ಮುಟ್ಟಬೇಡ, ಹತ್ತಬೇಡ, ಓಡಬೇಡ ಎಂಬ ಮೂರು ಮಾತುಗಳಲ್ಲೇ ಇಡೀ ದಿನ ಕಳೆದರೆ ಮಗುವಿಗೆ ಹಂಪಿ ಬೇಸರದ ಊರಾಗುತ್ತದೆ. ಕೈಗೆ ಕೆಲಸವಿಲ್ಲದ ಮಗು ಕಂಬ ಹತ್ತುತ್ತದೆ. ಕಣ್ಣಿಗೆ ಕೆಲಸ ಸಿಕ್ಕ ಮಗು ನಿಂತು ನೋಡುತ್ತದೆ. ಹಂಪಿಯಲ್ಲಿ ಕಣ್ಣಿಗೆ ಕೆಲಸಕ್ಕೇನೂ ಕೊರತೆಯಿಲ್ಲ.

ಮೊದಲು ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋಗುವುದು ಒಳ್ಳೆಯದು. ಅಲ್ಲಿ ಇಡೀ ಹಂಪಿಯ ದೊಡ್ಡ ಮಾದರಿಯೊಂದಿದೆ. ಹೊಳೆ ಎಲ್ಲಿ, ಬೆಟ್ಟ ಎಲ್ಲಿ, ಅರಮನೆಯ ಆವರಣ ಎಲ್ಲಿ ಎಂಬುದನ್ನು ಮೇಲಿನಿಂದ ನೋಡಿಕೊಂಡ ಮಗುವಿಗೆ ಆಮೇಲೆ ಕಾಣುವ ಒಂದೊಂದು ಗುಡಿಯೂ ಬಿಡಿ ಕಲ್ಲಾಗಿ ಕಾಣದೆ ಒಂದು ಊರಿನ ಭಾಗವಾಗಿ ಕಾಣುತ್ತದೆ.

ಹಂಪಿಯಲ್ಲಿ ಎತ್ತ ತಿರುಗಿದರೂ ಬಂಡೆಗಳ ಅಂಚಿನಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಗುಳಿಗಳು ಕಾಣುತ್ತವೆ. ಚಾಣದಿಂದ ಗುಳಿ ತೋಡಿ, ಬೆಣೆ ಹೊಡೆದು, ಬಂಡೆಯನ್ನು ನೇರವಾಗಿ ಸೀಳುತ್ತಿದ್ದ ಕ್ರಮ ಅದು. ಕೆಲವು ಬಂಡೆಗಳಲ್ಲಿ ಗುಳಿಗಳಿವೆ, ಸೀಳು ಮಾತ್ರ ಇಲ್ಲ. ಕೆಲಸ ಅರ್ಧಕ್ಕೇ ನಿಂತಿದೆ. ಯಾಕೆ ನಿಂತಿರಬಹುದು ಎಂದು ಮಗುವನ್ನು ಕೇಳಿ ನೋಡಬಹುದು.

ಮಹಾನವಮಿ ದಿಬ್ಬದ ಸಮೀಪ 1980ರ ದಶಕದಲ್ಲಿ ಉತ್ಖನನದಿಂದ ಬೆಳಕಿಗೆ ಬಂದ ಮೆಟ್ಟಿಲುಗಳ ಪುಷ್ಕರಣಿಯಿದೆ. ಅದರ ಕಪ್ಪು ಕಲ್ಲುಗಳ ಮೇಲೆ ಅಕ್ಷರಗಳನ್ನೂ ಗೆರೆಗಳನ್ನೂ ಕೊರೆಯಲಾಗಿದೆ. ಯಾವ ದಿಕ್ಕಿನ, ಯಾವ ಸಾಲಿನ, ಎಷ್ಟನೆಯ ಕಲ್ಲು ಎಂಬುದಕ್ಕೆ ಕೆಲಸಗಾರರು ಮಾಡಿಕೊಂಡ ಗುರುತು ಅದು. ಕಲ್ಲುಗಳನ್ನು ಬೇರೆಡೆ ಸಿದ್ಧಪಡಿಸಿ ತಂದು, ಇಲ್ಲಿ ಗುರುತು ನೋಡಿ ಜೋಡಿಸಿದ್ದಾರೆ. ಆಟಿಕೆಯ ತುಂಡುಗಳನ್ನು ಜೋಡಿಸಿ ಮನೆ ಕಟ್ಟುವ ಮಗುವಿಗೆ ಈ ಸಂಗತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಂಥ ಒಂದು ಕಲ್ಲು ಜಾರಿದರೆ ಲೆಕ್ಕವೇ ತಪ್ಪುತ್ತದೆ ಎಂಬುದೂ ಅದಕ್ಕೆ ತಾನಾಗಿಯೇ ಹೊಳೆಯುತ್ತದೆ.

ಹಜಾರರಾಮ ದೇವಾಲಯದ ಗೋಡೆಗಳಲ್ಲಿ ರಾಮಾಯಣದ ಕಥೆಯನ್ನು ಸಾಲುಸಾಲಾಗಿ ಕೆತ್ತಲಾಗಿದೆ. ಅಜ್ಜಿಯಿಂದ ಕಥೆ ಕೇಳಿರುವ ಮಗು ಅದನ್ನು ಓದಿಕೊಂಡು ಹೋಗಬಲ್ಲದು. ಬೆರಳಿನಿಂದ ಸವರದೆ, ದೂರದಿಂದ ಬೊಟ್ಟು ಮಾಡಿ ತೋರಿಸುವುದನ್ನು ಇಲ್ಲಿಯೇ ಅಭ್ಯಾಸ ಮಾಡಿಸಬಹುದು. ಬೆರಳಿನ ಬೆವರು ಮತ್ತು ಎಣ್ಣೆಯಂಶ ಕಲ್ಲಿಗೆ ಅಂಟಿ ಧೂಳನ್ನು ಹಿಡಿದಿಡುತ್ತದೆ. ಸಾವಿರಾರು ಕೈ ಸವರಿದ ಕಡೆ ಕೆತ್ತನೆಯ ಮೂಗು, ಕಣ್ಣು ನುಣುಪಾಗಿ ಅಳಿಸಿಹೋಗುತ್ತದೆ.

ವಿಠ್ಠಲ ದೇವಾಲಯದ ರಥದ ಮುಂದೆ ನಿಂತಾಗಲೂ ಮಗುವಿಗೆ ಒಗಟು ಹಾಕಬಹುದು. ಇದು ಒಂದೇ ಕಲ್ಲಿನ ರಥವೇ? ಅಲ್ಲ, ಹಲವು ಕಲ್ಲುಗಳ ಜೋಡಣೆ. ಕೆತ್ತನೆಯ ನಡುವೆ ಕೀಲುಗಳನ್ನು ಜಾಣತನದಿಂದ ಮರೆಮಾಡಲಾಗಿದೆ. ಈಗಿರುವ ಆನೆಗಳು ಮೂಲದವೇ? ಅಲ್ಲ, ಮೊದಲಿಗೆ ಅಲ್ಲಿ ಕುದುರೆಗಳಿದ್ದವು. ಆನೆಗಳ ಹಿಂದೆ ಕುದುರೆಗಳ ಉಳಿದ ಅಂಶ ಕಾಣುತ್ತದೆ. ಗ್ರೀನ್‌ಲಾನ ಹಳೆಯ ಚಿತ್ರದ ಪ್ರತಿ ಕೈಯಲ್ಲಿದ್ದರೆ ಅಲ್ಲೇ ನಿಂತು ಅಂದಿಗೂ ಇಂದಿಗೂ ಹೋಲಿಸಬಹುದು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಇದೇ ಕೆಲಸ ಮಾಡಿದರು. ಗ್ರೀನ್‌ಲಾ ಕ್ಯಾಮೆರಾ ಇಟ್ಟ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಹಂಪಿಯ ಕಳೆತ ಏನೆಂಬುದಕ್ಕೆ ಬೇರೆ ಪುಸ್ತಕ ಬೇಕಾಗುವುದಿಲ್ಲ.

ಅದೇ ಅಂಗಳದ ರಂಗಮಂಟಪದಲ್ಲಿ ಸಂಗೀತದ ಕಂಬಗಳಿವೆ. ತಟ್ಟಿದರೆ ನಾದ ಹೊಮ್ಮುವ ಈ ಕಂಬಗಳೊಳಗೆ ಟೊಳ್ಳಿದೆ ಎಂಬ ಕಲ್ಪನೆ ಬಹುಕಾಲ ಇತ್ತು. ಕಲ್ಪಾಕಂನ ಇಂದಿರಾಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರಿಶೀಲಿಸಿದಾಗ ಅವು ಇಡಿಯಾದ ಕಲ್ಲು, ನಾದ ಹುಟ್ಟುವುದು ಕಂಬದ ಕಂಪನದಿಂದ ಎಂದು ತಿಳಿದುಬಂತು. ಹಿಂದೆ ಬಂದವರೆಲ್ಲ ಬೆರಳಿನಿಂದ, ನಾಣ್ಯದಿಂದ, ಕೋಲಿನಿಂದ ತಟ್ಟಿ ತಟ್ಟಿ ಕಂಬಗಳಿಗೆ ಪೆಟ್ಟಾದ್ದರಿಂದ ಈಗ ತಟ್ಟುವುದಕ್ಕೆ ನಿರ್ಬಂಧವಿದೆ. ‘ನಾನೊಬ್ಬ ಒಂದು ಸಲ ತಟ್ಟಿದರೆ ಏನಾಗುತ್ತದೆ?’ ಎಂದು ಮಗು ಕೇಳುವುದು ಸಹಜ. ಪ್ರಶ್ನೆಯನ್ನು ಗದರಿ ಅಡಗಿಸಬಾರದು. ಒಂದು ಸಲಕ್ಕೆ ಏನೂ ಆಗುವುದಿಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ಆದರೆ ಆವತ್ತು ಬಂದ ಪ್ರತಿಯೊಬ್ಬರೂ ಹಾಗೆಯೇ ಅಂದುಕೊಂಡರೆ ಕಂಬಕ್ಕೆ ಬೀಳುವ ಪೆಟ್ಟೆಷ್ಟು ಎಂಬ ಗುಣಾಕಾರವನ್ನು ಮಗುವೇ ಮಾಡಲಿ.

ಇನ್ನು ವಿರೂಪಾಕ್ಷ ದೇವಾಲಯ. ಗುಡಿಯ ಹಿಂಭಾಗದ ಕತ್ತಲೆಯ ಕೋಣೆಯೊಂದರಲ್ಲಿ ಸಣ್ಣ ಕಿಂಡಿಯ ಮೂಲಕ ಬರುವ ಬೆಳಕು ರಾಜಗೋಪುರದ ನೆರಳನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಸೂಜಿರಂಧ್ರ ಕ್ಯಾಮೆರಾದ ಪಾಠ ಓದಿದ ಮಕ್ಕಳಿಗೆ ಇದಕ್ಕಿಂತ ಚೆಂದದ ಪ್ರಯೋಗಶಾಲೆ ಸಿಗಲಾರದು. 1510ರ ಸುಮಾರಿಗೆ ಕೃಷ್ಣದೇವರಾಯ ಕಟ್ಟಿಸಿದ ರಂಗಮಂಟಪದ ಒಳಮಾಡಿನಲ್ಲಿ ಬಣ್ಣದ ಚಿತ್ರಗಳಿವೆ. ಕಲ್ಲಿಗಿಂತಲೂ ನಾಜೂಕಾದವು ಇವು. ಹೊಗೆ, ತೇವ, ಮಸಿ ಎಲ್ಲವೂ ಇವಕ್ಕೆ ಶತ್ರುಗಳೇ.

ಗೊತ್ತಿಲ್ಲದೆ ಆಗುವ ಹಾನಿ

ಹಂಪಿಗೆ ಆಗುವ ಹಾನಿಯೆಲ್ಲ ಕೆಟ್ಟ ಬುದ್ಧಿಯಿಂದ ಆಗುವುದಲ್ಲ. ಭಕ್ತಿಯಿಂದಲೂ ಆಗುತ್ತದೆ, ಕುತೂಹಲದಿಂದಲೂ ಆಗುತ್ತದೆ. ಬಂಡೆಯ ಮೇಲೆ ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಗೂಡು ಕಟ್ಟಿದರೆ ಸ್ವಂತ ಮನೆಯಾಗುತ್ತದೆ ಎಂಬ ನಂಬಿಕೆ ಇದೆ. ಆ ಕಲ್ಲುಗಳು ಎಲ್ಲಿಂದ ಬರುತ್ತವೆ? ಹಾಳುಬಿದ್ದ ಗೋಡೆಯಿಂದ, ಉತ್ಖನನದ ಅಂಚಿನಿಂದಲೂ ಬರುತ್ತವೆ. ಬಿದ್ದಿರುವ ಚೂರು ಕೂಡ ತಜ್ಞರಿಗೆ ಸಾಕ್ಷ್ಯವೇ. ಅದು ಬಿದ್ದ ಜಾಗದಲ್ಲೇ ಇದ್ದರೆ ಒಂದು ಕಥೆ ಹೇಳುತ್ತದೆ; ಜಾಗ ಬದಲಾದರೆ ಮೂಕವಾಗುತ್ತದೆ. ನೆನಪಿಗೆಂದು ಮಗು ಜೇಬಿಗಿಳಿಸುವ ಹೆಂಚಿನ ಚೂರಿಗೂ ಇದೇ ಮಾತು ಅನ್ವಯಿಸುತ್ತದೆ.

ಶಾಸನದ ಅಕ್ಷರ ಸ್ಪಷ್ಟವಾಗಲೆಂದು ಸೀಮೆಸುಣ್ಣ ಉಜ್ಜುವುದು, ಪೂಜೆಯಿಲ್ಲದ ವಿಗ್ರಹಕ್ಕೆ ಎಣ್ಣೆ ಕುಂಕುಮ ಹಚ್ಚುವುದು, ಗೋಡೆಯ ಮೇಲೆ ಹೆಸರು ಕೆತ್ತುವುದು, ಫೋಟೋಗಾಗಿ ಆನೆಯ ಬೆನ್ನೇರುವುದು ಎಲ್ಲವೂ ಇದೇ ಸಾಲಿನವು. ಮಕ್ಕಳು ಇವನ್ನು ಪುಸ್ತಕದಿಂದ ಕಲಿಯುವುದಿಲ್ಲ. ಜೊತೆಗಿರುವ ದೊಡ್ಡವರನ್ನು ನೋಡಿ ಕಲಿಯುತ್ತಾರೆ. ಅಪ್ಪ ಹಗ್ಗ ದಾಟಿ ನಿಂತು ಫೋಟೋ ತೆಗೆಸಿಕೊಂಡರೆ, ಮೇಷ್ಟ್ರು ತಿಂದ ಬಾಳೆಹಣ್ಣಿನ ಸಿಪ್ಪೆ ಮಂಟಪದ ಮೂಲೆಗೆ ಹೋದರೆ, ಆಮೇಲಿನ ಉಪದೇಶಕ್ಕೆ ಬೆಲೆಯಿಲ್ಲ.

ಒಂದೇ ದಿನದಲ್ಲಿ ಎಲ್ಲವನ್ನೂ ತೋರಿಸಿಬಿಡಬೇಕೆಂಬ ಹಠವೂ ಒಳ್ಳೆಯದಲ್ಲ. ಬಿಸಿಲಿಗೆ ಕಾದ ಬಂಡೆಗಳ ಊರಿದು. ಬೆಳಗಿನ ಹೊತ್ತು ಎರಡು ಜಾಗ, ಸಂಜೆ ಒಂದು ಜಾಗ ನೋಡಿದರೆ ಸಾಕು. ದಣಿದ ಮಗು ಕುಳಿತುಕೊಳ್ಳುವುದು ಎಲ್ಲಿ? ಹತ್ತಿರದ ಕೆತ್ತನೆಯ ಕಲ್ಲಿನ ಮೇಲೆಯೇ. ನೀರು, ಟೋಪಿ, ನೆರಳಿನಲ್ಲಿ ವಿಶ್ರಾಂತಿ ಇದ್ದರೆ ಮಗುವಿಗೂ ಹಿತ, ಸ್ಮಾರಕಕ್ಕೂ ಹಿತ. ಹೊಳೆಯ ಬಳಿ ಎಚ್ಚರ ಇನ್ನೂ ಹೆಚ್ಚು ಬೇಕು. ಮೇಲಿನ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹರಿವು ಏರುತ್ತದೆ. ದಡದ ಪುರಂದರ ಮಂಟಪವೇ ಮುಳುಗುವುದುಂಟು. ಅಂಥ ದಿನ ಹರಿಗೋಲಿನ ಆಸೆಯನ್ನು ಬಿಡಬೇಕು.

ಊರೆಂದರೆ ಜನರೂ ಹೌದು

ಹಂಪಿಯನ್ನು ‘ಹಾಳು ಹಂಪೆ’ ಎನ್ನುವ ರೂಢಿಯಿದ್ದರೂ ಅದು ಸತ್ತ ಊರಲ್ಲ. ವಿರೂಪಾಕ್ಷನಿಗೆ ಪೂಜೆ ನಡೆಯುತ್ತಿದೆ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿದು ಬಾಳೆ, ಕಬ್ಬು, ಭತ್ತ ಬೆಳೆಯುತ್ತಿವೆ. ಪಾಳುಬಿದ್ದ ಅರಮನೆಗಿಂತ ಹರಿಯುವ ಕಾಲುವೆಯೇ ಆ ಸಾಮ್ರಾಜ್ಯದ ಹೆಚ್ಚು ಗಟ್ಟಿಯಾದ ಸ್ಮಾರಕ ಎಂದರೂ ತಪ್ಪಲ್ಲ. ಅದು ಉಳಿದದ್ದು ಜನ ಅದನ್ನು ಬಳಸುತ್ತ, ಹೂಳೆತ್ತುತ್ತ ಬಂದದ್ದರಿಂದ.

ಜನ ಮತ್ತು ಸ್ಮಾರಕಗಳ ನಡುವಿನ ಸಂಬಂಧ ಯಾವಾಗಲೂ ಸುಗಮವಾಗಿಲ್ಲ. ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು 2011ರಲ್ಲಿ ತೆರವುಗೊಳಿಸಲಾಯಿತು. ಮಂಟಪಗಳಿಗೆ ಬಿಡುಗಡೆಯಾಯಿತು ಎಂದವರಿದ್ದಾರೆ. ಶತಮಾನಗಳ ಪೇಟೆಯ ಬೀದಿ ಬರಿದಾಯಿತು ಎಂದು ನೊಂದವರೂ ಇದ್ದಾರೆ. ಹೊಳೆಯಾಚೆಯ ವಿರೂಪಾಪುರಗಡ್ಡೆಯ ಅನಧಿಕೃತ ರೆಸಾರ್ಟುಗಳು ಸುಪ್ರೀಂ ಕೋರ್ಟಿನ ತೀರ್ಪಿನಂತೆ 2020ರಲ್ಲಿ ನೆಲಸಮವಾದವು. ಪ್ರವಾಸಿಗರ ಬೇಡಿಕೆಯೇ ಅಂಥ ಕಟ್ಟಡಗಳನ್ನು ಹುಟ್ಟಿಸುತ್ತದೆ ಎಂಬುದನ್ನು ಪ್ರವಾಸಿಗರು ಮರೆಯಬಾರದು. ತಂಗುವ ಜಾಗ ಕಾನೂನುಬದ್ಧವೇ ಎಂದು ವಿಚಾರಿಸುವುದು, ಸ್ಥಳೀಯ ಮಾರ್ಗದರ್ಶಿಗೆ ನ್ಯಾಯವಾದ ಸಂಭಾವನೆ ಕೊಡುವುದು, ಊರಿನವರ ಅಂಗಡಿಯಲ್ಲಿ ಉಣ್ಣುವುದು, ಜನರ ಮನೆ ಪೂಜೆಗಳನ್ನು ಕೇಳದೆ ಚಿತ್ರ ತೆಗೆಯದಿರುವುದು ಇವೆಲ್ಲ ಮಕ್ಕಳ ಎದುರಿಗೇ ನಡೆಯಬೇಕಾದ ಪಾಠಗಳು.

ಎಷ್ಟೇ ಎಚ್ಚರ ವಹಿಸಿದರೂ ಕಾಲ ತನ್ನ ಪಾಲನ್ನು ಕೇಳಿಯೇ ಕೇಳುತ್ತದೆ. 2024ರ ಮೇ ತಿಂಗಳಲ್ಲಿ ಸುರಿದ ಮಳೆಗೆ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗ ಕುಸಿಯಿತು. ಮಳೆಯನ್ನು ತಡೆಯಲಾಗದು. ಹಾಗಿರುವಾಗ ತಡೆಯಬಹುದಾದ ಹಾನಿಯನ್ನಾದರೂ ತಡೆಯುವುದು ಬಂದುಹೋಗುವವರ ಹೊಣೆ.

ಈ ಹೊಣೆಯ ಮಾತು ಹೊಸದಲ್ಲ. ವಿಜಯನಗರದ ಕಾಲದ ಅನೇಕ ದಾನಶಾಸನಗಳ ಕೊನೆಯಲ್ಲಿ ಸಂಸ್ಕೃತ ಶ್ಲೋಕವೊಂದು ಮತ್ತೆ ಮತ್ತೆ ಬರುತ್ತದೆ. ದಾನ ಕೊಡುವುದು ಮತ್ತು ಕೊಟ್ಟದ್ದನ್ನು ಕಾಪಾಡುವುದು ಇವೆರಡರಲ್ಲಿ ಕಾಪಾಡುವುದೇ ಹೆಚ್ಚಿನದು ಎಂಬುದು ಅದರ ತಾತ್ಪರ್ಯ. ಗುಡಿ ಕಟ್ಟಿಸಿದ ಅರಸ ತನ್ನ ನಂತರ ಬರುವವರನ್ನು ನೆನೆದು ಬರೆಸಿದ ಸಾಲು ಅದು; ಮುಂದೊಂದು ದಿನ ಟೋಪಿ ಹಾಕಿಕೊಂಡು, ನೀರಿನ ಬಾಟಲಿ ಹಿಡಿದು ಬರುವ ನಾಲ್ಕನೆಯ ತರಗತಿಯ ಮಗುವಿಗೂ ಸಲ್ಲುತ್ತದೆ. ಗುಡಿ ಕಟ್ಟಿಸುವ ಶಕ್ತಿ ಆ ಮಗುವಿಗಿಲ್ಲ. ಆದರೆ ಅರಸನೇ ಹೆಚ್ಚಿನದೆಂದು ಬರೆಸಿದ ಎರಡನೆಯ ಕೆಲಸವನ್ನು ಅದು ಇವತ್ತಿನಿಂದಲೇ ಮಾಡಬಲ್ಲದು. ಹಾಗೆಂದು ಅದಕ್ಕೆ ಯಾರಾದರೂ ಹೇಳಬೇಕಷ್ಟೆ.